ಆಟ ಮುಗಿದ ಮೇಲಿನ ಒಂದು ಗಂಟೆ

‘ಕೆಲಸ ಇಲ್ಲದ ಹುಡುಗರಿಗೆ ಏನಾದರೂ ಮಾಡಬೇಕು. ಒಂದು ಫುಟ್‌ಬಾಲ್ ಟೀಮ್ ಕಟ್ಟೋಣ ಅಂತಿದ್ದೇವೆ’ ಎಂದು ಸಲಹೆ ಕೇಳಿಕೊಂಡು ಬರುವವರು ಬಹಳ. ಅಷ್ಟು ಹೊತ್ತಿಗೆ ಮೈದಾನ ಗೊತ್ತಾಗಿರುತ್ತದೆ. ಜರ್ಸಿಯ ಬಣ್ಣ ಕೂಡ ತೀರ್ಮಾನ ಆಗಿರುತ್ತದೆ. ನಾನು ಕೇಳುವುದು ಒಂದೇ: ಆಟ ಮುಗಿದ ಮೇಲಿನ ಒಂದು ಗಂಟೆ ಏನು ಮಾಡುತ್ತೀರಿ? ಇದಕ್ಕೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಆಡಿದರೆ ಶಿಸ್ತು ಬರುತ್ತದೆ, ಶಿಸ್ತು ಬಂದರೆ ಕೆಲಸ ಸಿಗುತ್ತದೆ ಎನ್ನುವುದು ಅವರ ಲೆಕ್ಕ.

ಚೆನ್ನಾಗಿ ಆಡುವ, ಆದರೆ ವರ್ಷಗಟ್ಟಲೆ ಕೆಲಸವಿಲ್ಲದೆ ಕುಳಿತ ಯುವಕರು ಯಾವ ಮೈದಾನಕ್ಕೆ ಹೋದರೂ ಸಿಗುತ್ತಾರೆ. ಆಟವೇ ಕೆಲಸ ಕೊಡಿಸುವುದಾಗಿದ್ದರೆ ವಾರದ ನಡುವೆ ಬೆಳಗ್ಗೆ ಹನ್ನೊಂದಕ್ಕೆ ಅವರು ಅಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಆಟಕ್ಕೆ ನಿಜವಾಗಿ ಸಾಧ್ಯವಾಗುವುದು ಜನರನ್ನು ಕರೆಸಿಕೊಳ್ಳುವುದು. ಇದೇನು ಸಣ್ಣ ಮಾತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನ 15ರಿಂದ 24 ವಯಸ್ಸಿನವರಲ್ಲಿ ಐವರಿಗೊಬ್ಬರು ಓದುತ್ತಲೂ ಇರಲಿಲ್ಲ, ತರಬೇತಿಯಲ್ಲೂ ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ. ಇವರಿಗಾಗಿ ತರಬೇತಿ ಕೇಂದ್ರಗಳಿವೆ, ಉದ್ಯೋಗ ಕಚೇರಿಗಳಿವೆ. ಆದರೆ ಇವರು ಅಲ್ಲಿಗೆ ಬರುವುದಿಲ್ಲ. ತರಗತಿ ಎಂದರೆ ಬೈಸಿಕೊಂಡ ನೆನಪು, ಕಚೇರಿ ಎಂದರೆ ಫಾರ್ಮ್ ತುಂಬಿ ಕಾದು ಬರಿಗೈಯಲ್ಲಿ ವಾಪಸಾದ ನೆನಪು. ಚೆಂಡಿನ ಹಿಂದೆ ಓಡುವುದಕ್ಕೆ ಮಾರ್ಕ್ಸ್ ಕಾರ್ಡ್ ಬೇಡ. ಅದಕ್ಕೇ ಬರುತ್ತಾರೆ.

1986ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಗ್ಲೆನಾರ್ಡೆನ್ ಎಂಬ ಊರಿನಲ್ಲಿ ಜಿ. ವ್ಯಾನ್ ಸ್ಟ್ಯಾಂಡಿಫರ್ ಎಂಬವರು ಮಧ್ಯರಾತ್ರಿಯ ಬ್ಯಾಸ್ಕೆಟ್‌ಬಾಲ್ ಲೀಗ್ ಶುರು ಮಾಡಿದರು. ರಾತ್ರಿ 10ರಿಂದ 2ರವರೆಗೆ ಆಟ. ಯುವಕರನ್ನು ಆ ಹೊತ್ತಿನಲ್ಲಿ ಬೀದಿಯಿಂದ ದೂರ ಇಡುವುದು ಮೂಲ ಉದ್ದೇಶವಾಗಿತ್ತು. ಇದನ್ನು ನೋಡಿ ತಾವೂ ಶುರು ಮಾಡಿದ ನಗರಗಳು ಆಟದ ಜೊತೆಗೆ ಉದ್ಯೋಗ, ಶಿಕ್ಷಣದ ಕಾರ್ಯಾಗಾರಗಳನ್ನೂ ಸೇರಿಸಿದವು. ಜನ ಸೇರುತ್ತಾರೆ ಎನ್ನುವುದು ಖಾತ್ರಿಯಾದ ಮೇಲೆ, ಸೇರಿದವರಿಗೆ ಏನು ಕೊಡಬೇಕು ಎನ್ನುವ ಪ್ರಶ್ನೆ ಬರಲೇಬೇಕಿತ್ತು.

ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಫ್ರೆಡ್ ಕೋಲ್ಟರ್ ಇಂಥ ಕಾರ್ಯಕ್ರಮಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದರಲ್ಲಿ ಆಟವೇ ಮುಖ್ಯ, ಅದಕ್ಕೆ ಬೇರೆ ಚಟುವಟಿಕೆಗಳನ್ನು ಅಂಟಿಸಿರುತ್ತಾರೆ. ಇನ್ನೊಂದರಲ್ಲಿ ಆ ಬೇರೆ ಚಟುವಟಿಕೆಯೇ ಮುಖ್ಯ, ಆಟ ಅದಕ್ಕೆ ಜನರನ್ನು ತರುವ ದಾರಿ. ಕೆಲಸ ಕೊಡಿಸುವುದು ಗುರಿಯಾದರೆ ಎರಡನೆಯದೇ ಆಗಬೇಕು. ಕೋಚ್‌ಗಳಿಗೆ ಇದು ಹಿಡಿಸುವುದಿಲ್ಲ. ಟೂರ್ನಮೆಂಟ್ ಹತ್ತಿರ ಬಂದ ಕೂಡಲೇ ‘ಈ ವಾರ ಕ್ಲಾಸ್ ಬೇಡ ಸರ್, ಪ್ರಾಕ್ಟೀಸ್ ಮಾಡೋಣ’ ಎನ್ನುತ್ತಾರೆ. ಅಲ್ಲಿ ಒಪ್ಪಿದರೆ ಕಥೆ ಮುಗಿಯಿತು. ಮುಂದಿನ ತಿಂಗಳು ಇನ್ನೊಂದು ಟೂರ್ನಮೆಂಟ್ ಇದ್ದೇ ಇರುತ್ತದೆ.

ಆ ಒಂದು ಗಂಟೆಯಲ್ಲಿ ಏನು ಮಾಡಬೇಕು? ಮೊದಲ ವಾರಗಳಲ್ಲಿ ಇಂಟರ್‌ವ್ಯೂ ತಯಾರಿ, ಇಂಗ್ಲಿಷ್ ಪಾಠ ಅಂತೆಲ್ಲ ಹೊರಟರೆ ತರಗತಿ ಮತ್ತೆ ವಾಪಸ್ ಬಂದಂತಾಗುತ್ತದೆ. ಬದಲಿಗೆ, ಈಗ ತಾನೇ ಮೈದಾನದಲ್ಲಿ ನಡೆದದ್ದರ ಬಗ್ಗೆ ಮಾತಾಡಬೇಕು. ಅಲ್ಲೇ ಹುಲ್ಲಿನ ಮೇಲೆ ಕುಳಿತರೂ ಸಾಕು.

ಒಂದು ಉದಾಹರಣೆ ಹೇಳುತ್ತೇನೆ. ಆಟದ ನಡುವೆ ಕೋಚ್ ‘ಏಯ್, ಹಿಂದೆ ಬಾ! ನಿನ್ನ ಜಾಗ ಅಲ್ಲ ಅದು!’ ಎಂದು ಕೂಗುತ್ತಾರೆ. ಹುಡುಗ ಮರುಮಾತಿಲ್ಲದೆ ಹಿಂದೆ ಓಡುತ್ತಾನೆ. ಅವಮಾನ ಆಯಿತು ಎಂದು ಅವನಿಗೆ ಅನ್ನಿಸುವುದೇ ಇಲ್ಲ. ಅದೇ ಹುಡುಗ ಗೋದಾಮಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಸೂಪರ್‌ವೈಸರ್ ‘ಆ ಬಾಕ್ಸ್ ಅಲ್ಲಿಟ್ಟವರು ಯಾರು? ತೆಗಿ ಅದನ್ನ’ ಎಂದು ಗದರಿದರೆ ಮಧ್ಯಾಹ್ನವೇ ಕೆಲಸ ಬಿಟ್ಟು ಮನೆಗೆ ಬರುತ್ತಾನೆ. ‘ಇವನಿಗೆ ತಾಳ್ಮೆ ಇಲ್ಲ’ ಎಂದು ಮನೆಯವರು ಬೈಯುತ್ತಾರೆ. ನನ್ನ ಪ್ರಕಾರ ತಾಳ್ಮೆಯ ಮಾತೇ ಅಲ್ಲ ಅದು. ಮೈದಾನದಲ್ಲಿ ಅವನಿಗೆ ನಿಯಮ ಗೊತ್ತು, ಕೂಗಿದವರು ತನ್ನ ಕಡೆಯವರು ಎಂದು ಗೊತ್ತು, ತಪ್ಪನ್ನು ಸರಿ ಮಾಡಿಕೊಳ್ಳಲು ಮುಂದಿನ ನಿಮಿಷದಲ್ಲೇ ಅವಕಾಶ ಬರುತ್ತದೆ ಎಂದೂ ಗೊತ್ತು. ಗೋದಾಮಿನಲ್ಲಿ ಈ ಮೂರೂ ಗೊತ್ತಿಲ್ಲ.

ಇದನ್ನು ಅವನೆದುರು ಬಿಡಿಸಿ ಇಡಬೇಕು. ‘ಇವತ್ತು ಕೋಚ್ ನಿನ್ನ ಮೇಲೆ ಕೂಗಿದರಲ್ಲ, ಆಗ ನೀನು ಏನು ಮಾಡಿದೆ? ಯಾಕೆ ಸಿಟ್ಟು ಬರಲಿಲ್ಲ? ಅದನ್ನೇ ಗೊತ್ತಿಲ್ಲದ ಮನುಷ್ಯ ಹೇಳಿದ್ದರೆ?’ ಎಂದು ಕೇಳಬೇಕು. ಮೊದಲ ಸಲ ನಗುತ್ತಾರೆ. ಕೆಲವು ವಾರ ಕಳೆದ ಮೇಲೆ ತಾವೇ ಶುರು ಮಾಡುತ್ತಾರೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ತಾನಾಗಿ ಹರಿದು ಬರುತ್ತದೆ ಎಂದು ಸುಮ್ನೆ ಕುಳಿತರೆ ಅದು ಬರುವುದಿಲ್ಲ. ಯಾರಾದರೂ ಕೇಳಿ ಕೇಳಿ ಹೊರಗೆ ತರಬೇಕು.

ಈ ಮಾತುಕತೆಯನ್ನು ಆಟದ ನಿಯಮದೊಳಗೇ ತಂದವರೂ ಇದ್ದಾರೆ. 1994ರ ವಿಶ್ವಕಪ್‌ನಲ್ಲಿ ತಪ್ಪಿ ತಮ್ಮದೇ ತಂಡದ ಗೋಲಿಗೆ ಚೆಂಡು ಹೊಡೆದ ಕೊಲಂಬಿಯಾದ ಆಟಗಾರ ಆಂಡ್ರೆಸ್ ಎಸ್ಕೊಬಾರ್ ಅವರನ್ನು ಮೆಡೆಲಿನ್ ನಗರದಲ್ಲಿ ಗುಂಡಿಕ್ಕಿ ಕೊಂದರು. ಆಗ ಆ ನಗರದಲ್ಲಿದ್ದ ಜರ್ಮನಿಯ ಯುರ್ಗೆನ್ ಗ್ರೀಸ್‌ಬೆಕ್ 1996ರಲ್ಲಿ ಒಂದು ಹೊಸ ಬಗೆಯ ಫುಟ್‌ಬಾಲ್ ಶುರು ಮಾಡಿದರು. ಹುಡುಗ ಹುಡುಗಿಯರ ಮಿಶ್ರ ತಂಡಗಳು. ರೆಫರಿ ಇಲ್ಲ. ಇಂದು ಈ ಪದ್ಧತಿಯಲ್ಲಿ ಆಟಕ್ಕೆ ಮೂರು ಭಾಗ: ಮೊದಲು ಎರಡೂ ತಂಡ ಕೂತು ನಿಯಮಗಳನ್ನು ಒಪ್ಪಿಕೊಳ್ಳುತ್ತವೆ, ಆಮೇಲೆ ಆಡುತ್ತವೆ, ಕೊನೆಗೆ ಮತ್ತೆ ಕೂತು ಯಾರು ಹೇಗೆ ನಡೆದುಕೊಂಡರು ಎಂದು ಮಾತಾಡಿ ಅಂಕ ಹಂಚಿಕೊಳ್ಳುತ್ತವೆ. ಗೋಲಿಗೂ ಅಂಕ, ನಡತೆಗೂ ಅಂಕ. ಜಗಳವಾಡದೆ ಭಿನ್ನಾಭಿಪ್ರಾಯ ಹೇಳುವುದು ಇಲ್ಲಿ ಪ್ರತಿ ಪಂದ್ಯದಲ್ಲೂ ಅಭ್ಯಾಸವಾಗುತ್ತದೆ. ಯಾವ ಕಂಪನಿಗೆ ಹೋದರೂ ಬೇಕಾಗುವುದು ಇದೇ.

ಇನ್ನು ಜವಾಬ್ದಾರಿಗಳು. ಆಟಗಾರನಾಗಿ ಮಾತ್ರ ಬಂದು ಹೋಗುವವನ ಬಯೋಡೇಟಾದಲ್ಲಿ ಬರೆಯಲು ಏನೂ ಇರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಆಟದಾಚೆ ಒಂದು ಕೆಲಸ ಇರಲಿ. ಒಬ್ಬ ಕಿಟ್ ನೋಡಿಕೊಳ್ಳಲಿ, ಒಬ್ಬಳು ಹಾಜರಿ ಬರೆಯಲಿ, ಇನ್ನೊಬ್ಬರು ಸ್ಕೋರ್ ಇಡಲಿ, ಸಣ್ಣ ಮಕ್ಕಳ ಪಂದ್ಯಕ್ಕೆ ರೆಫರಿ ಆಗಲಿ. ಕೆನ್ಯಾ ದೇಶದ ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಿಂದ ನಡೆಯುತ್ತಿರುವ ಯುವ ಕ್ರೀಡಾ ಸಂಘ ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಅಲ್ಲಿ ತಂಡಗಳು ತಮ್ಮ ಬಡಾವಣೆಯ ಕಸ ತೆಗೆದರೆ ಲೀಗ್ ಪಟ್ಟಿಯಲ್ಲಿ ಅಂಕ ಸಿಗುತ್ತದೆ. ಕೋಚ್, ರೆಫರಿ, ಸಂಘಟಕರಾಗಿ ದುಡಿಯುವವರೂ ಅಲ್ಲಿನ ಯುವಜನರೇ.

ಸಂದರ್ಶನದಲ್ಲಿ ‘ನಾನು ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ’ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಯಾರೂ ನಂಬುವುದಿಲ್ಲ. ‘ನಮ್ಮ ಟೀಮಿನ 24 ಜರ್ಸಿ, 6 ಚೆಂಡು ನನ್ನ ಲೆಕ್ಕದಲ್ಲಿದ್ದವು. ಎಣಿಸಿ ಕೊಡುತ್ತಿದ್ದೆ, ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದೆ. ಒಂದು ಸಲ ಎರಡು ಜರ್ಸಿ ಕಡಿಮೆ ಬಂತು, ಪುಸ್ತಕ ನೋಡಿ ಯಾರ ಹತ್ತಿರ ಇದೆ ಅಂತ ಪತ್ತೆ ಮಾಡಿದೆ’ ಎನ್ನುವವನನ್ನು ಸ್ಟೋರ್ ಮ್ಯಾನೇಜರ್ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಹಾಜರಿ ಪುಸ್ತಕವೂ ಹಾಗೆಯೇ. ಯಾರು ತಡವಾಗಿ ಬಂದರು ಎನ್ನುವುದಕ್ಕಿಂತ, ತಡವಾಗುತ್ತದೆ ಎಂದು ಮೊದಲೇ ಫೋನ್ ಮಾಡಿದ್ದಾರಾ ಇಲ್ಲವಾ ಎನ್ನುವುದನ್ನು ನಾನು ಬರೆಯಿಸುತ್ತೇನೆ. ಕೆಲಸದ ಜಾಗದಲ್ಲಿ ಆಗುವ ಅರ್ಧ ರಾದ್ಧಾಂತ ಆ ಒಂದು ಫೋನ್ ಮಾಡದೆ ಇರುವುದರಿಂದಲೇ.

ಕ್ರೀಡೆಯ ಉಲ್ಲೇಖ ಅರ್ಜಿಗೆ ನೆರವಾಗುತ್ತದಾ? ಸ್ವಲ್ಪ ಆಗುತ್ತದೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಡಾನ್-ಓಲೋಫ್ ರೂತ್ ಕಾಲ್ಪನಿಕ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕ್ರೀಡೆಯನ್ನು ಹೇಳಿಕೊಂಡ ಅರ್ಜಿಗಳಿಗೆ ಸಂದರ್ಶನದ ಕರೆ ತುಸು ಹೆಚ್ಚು ಬಂತು. ಆದರೆ ನಾವು ಮಾತಾಡುತ್ತಿರುವ ಯುವಜನರ ಅರ್ಜಿ ಮೇಜಿನವರೆಗೂ ತಲುಪುವುದಿಲ್ಲ, ಅದು ಬೇರೆ ಸಮಸ್ಯೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ತೋರಿಸಿದಂತೆ, ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಅದರ ಸುದ್ದಿ ಬಂದದ್ದು ಆಪ್ತರಿಂದ ಅಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯಸ್ಥರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಕೆಲಸವಿಲ್ಲದವನ ಗೆಳೆಯರಿಗೂ ಕೆಲಸ ಇಲ್ಲದಿದ್ದರೆ ಸುದ್ದಿ ಎಲ್ಲಿಂದ ಬರಬೇಕು?

ಹಾಗಾಗಿ ಕಂಪನಿಯವರನ್ನು ಮೈದಾನಕ್ಕೆ ಕರೆಯಬೇಕು. ಬಹುಮಾನ ಕೊಡಲು ಕರೆಯಬೇಡಿ. ಸೂಟು ಹಾಕಿಕೊಂಡು ಬಂದು ಭಾಷಣ ಮಾಡಿ ಹೋಗುತ್ತಾರೆ. ಆಡಲು ಕರೆಯಿರಿ, ತಂಡಗಳನ್ನು ಬೆರೆಸಿರಿ. ಸಿಬ್ಬಂದಿ ನೇಮಿಸುವವರು ಯುವಕರ ಜೊತೆ ಅರ್ಧ ಗಂಟೆ ಆಡಿದರೆ, ಹತ್ತು ಪುಟದ ಬಯೋಡೇಟಾದಲ್ಲಿ ಕಾಣದ್ದು ಕಾಣುತ್ತದೆ. ಮುಖ್ಯವಾಗಿ, ಅವರ ಫೋನ್ ನಂಬರ್ ಕೋಚ್ ಬಳಿ ಉಳಿಯುತ್ತದೆ.

ಕೆಲಸ ಸಿಕ್ಕ ದಿನ ಫೋಟೋ ತೆಗೆದು ವರದಿಗೆ ಸೇರಿಸುವುದು ವಾಡಿಕೆ. ಆದರೆ ಹೆಚ್ಚು ಜನ ಕೈತಪ್ಪುವುದು ಅದಾದ ಮೇಲೆ. ಕಾರಣಗಳು ತೀರಾ ಸಾಮಾನ್ಯ. ಸಂಬಳ ತಿಂಗಳ ಕೊನೆಗೆ ಬರುತ್ತದೆ, ಬಸ್ಸಿಗೆ ಇವತ್ತೇ ದುಡ್ಡು ಬೇಕು. ಬ್ಯಾಂಕ್ ಖಾತೆ ಇಲ್ಲ. ಗಟ್ಟಿ ಶೂ ಇಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಕಾರ್ಯಕ್ರಮಕ್ಕೆ ಸಿಗುವ ಹಣದಲ್ಲಿ ಟ್ರೋಫಿಯ ಖರ್ಚು ಉಳಿಸಿ, ಮೊದಲ ಸಂಬಳದವರೆಗೆ ಓಡಾಡಲು ಒಂದು ಸಣ್ಣ ನಿಧಿ ಇಡಿ. ಮೊದಲ ವಾರ ಕೋಚ್ ಎರಡು ಸಲವಾದರೂ ಫೋನ್ ಮಾಡಲಿ. ಸೂಪರ್‌ವೈಸರ್ ಬಳಿಯೂ ಕೋಚ್ ನಂಬರ್ ಇರಲಿ. ‘ಎರಡು ದಿನದಿಂದ ಬಂದಿಲ್ಲ’ ಎಂದು ಅವರು ಒಂದು ಮಾತು ಹೇಳಿದರೆ ಎಷ್ಟೋ ಕೆಲಸ ಉಳಿಯುತ್ತದೆ.

ಇನ್ನೊಂದು ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ. ಪ್ರಾಕ್ಟೀಸ್ ಹಗಲಿನಲ್ಲಿ, ಕೆಲಸವೂ ಹಗಲಿನಲ್ಲಿ. ಕೆಲಸಕ್ಕೆ ಸೇರಿದವನಿಗೆ ಟೀಮ್ ತಪ್ಪಿ ಹೋಗುತ್ತದೆ. ಹೊಸ ಜಾಗದ ಒತ್ತಡ ಜಾಸ್ತಿ ಇರುವಾಗಲೇ, ಅವನನ್ನು ಹಿಡಿದು ನಿಲ್ಲಿಸಿದ್ದ ಗುಂಪು ಇಲ್ಲವಾಗುತ್ತದೆ. ಕೆಲಸ ಸಿಕ್ಕವರಿಗಾಗಿಯೇ ವಾರಕ್ಕೊಂದು ಸಂಜೆಯ ಆಟ ಇಡಿ. ಕೆಲಸ ಹುಡುಕುತ್ತಿರುವವರೂ ಆ ದಿನ ಬರಲಿ. ಎಲ್ಲಿ ಜನ ಬೇಕಾಗಿದ್ದಾರೆ ಎನ್ನುವ ಸುದ್ದಿ ಅಲ್ಲಿ ತಾನಾಗಿ ಓಡಾಡುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಬಿಡಿಸಿ ಹೇಳಬೇಕು. ಓದು, ತರಬೇತಿ, ಕೆಲಸ ಯಾವುದೂ ಇಲ್ಲದವರು ಎಂದೆನಲ್ಲ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳೇ. ಆದರೆ ಮೈದಾನದಲ್ಲಿ ಕಾಣುವವರು ಹೆಚ್ಚಾಗಿ ಹುಡುಗರು. ‘ಎಲ್ಲರಿಗೂ ಸ್ವಾಗತ’ ಎಂದು ಬೋರ್ಡ್ ಹಾಕಿದರೆ ಇದು ಬದಲಾಗುವುದಿಲ್ಲ. ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ನೀರಿರುವ ಶೌಚಾಲಯ, ಕತ್ತಲಾಗುವ ಮುಂಚೆ ಮುಗಿಯುವ ಸಮಯ, ತಮ್ಮ-ತಂಗಿಯರನ್ನು ಅಥವಾ ಮಗುವನ್ನು ಕರೆತಂದರೆ ನೋಡಿಕೊಳ್ಳಲು ಒಬ್ಬರು, ಮತ್ತು ಒಬ್ಬ ಮಹಿಳಾ ಕೋಚ್. ಇವು ಇದ್ದರೆ ಬರುತ್ತಾರೆ. ಕೋಚ್ ಯಾರೇ ಇರಲಿ, ಅವರ ಹಿನ್ನೆಲೆ ವಿಚಾರಿಸದೆ ನೇಮಿಸಬೇಡಿ. ಇವರ ಮಾತಿಗೆ ಯುವಜನರ ಮೇಲೆ ಇರುವಷ್ಟು ಹಿಡಿತ ತಂದೆತಾಯಿಯ ಮಾತಿಗೂ ಇರುವುದಿಲ್ಲ. ಅದನ್ನು ದುರುಪಯೋಗ ಮಾಡುವವರೂ ಇದ್ದಾರೆ.

ದೊಡ್ಡ ಆಟಗಾರನಾಗುವ ಕನಸು ಇಟ್ಟುಕೊಂಡವರನ್ನು ಏನು ಮಾಡಬೇಕು ಎಂದು ಕೇಳುತ್ತಾರೆ. ಕನಸನ್ನು ಒಡೆಯುವುದು ನಮ್ಮ ಕೆಲಸ ಅಲ್ಲ, ಅದನ್ನು ಮಾರಿಕೊಂಡು ಜನ ಸೇರಿಸುವುದೂ ಅಲ್ಲ. ಕ್ರೀಡೆಯ ಸುತ್ತಲೂ ಕೆಲಸಗಳಿವೆ: ಈಜುಕೊಳದ ಲೈಫ್‌ಗಾರ್ಡ್, ಮೈದಾನ ನೋಡಿಕೊಳ್ಳುವವರು, ಜಿಮ್ ತರಬೇತುದಾರರು, ಪ್ರಮಾಣಪತ್ರ ಪಡೆದ ರೆಫರಿ. ಎಲ್ಲರಿಗೂ ಸಾಲುವಷ್ಟಿಲ್ಲ. ನನಗೆ ಸಿಟ್ಟು ತರಿಸುವುದು ಬೇರೆ: ತುಂಬಾ ಚುರುಕಾದ ಹುಡುಗಿಯನ್ನೋ ಹುಡುಗನನ್ನೋ ‘ಸಹಾಯಕ ಕೋಚ್’ ಎಂದು ಹೆಸರಿಟ್ಟು ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಸಿಕೊಳ್ಳುವುದು. ಕೆಲಸ ಕೊಡಿಸಲು ಹುಟ್ಟಿದ ಕಾರ್ಯಕ್ರಮವೇ ಬಿಟ್ಟಿ ಕೆಲಸ ಮಾಡಿಸಿದರೆ ಹೇಗೆ?

ಕೊನೆಗೆ ಲೆಕ್ಕದ ಮಾತು. ಬ್ರಿಟನ್ನಿನಲ್ಲಿ ‘ಸ್ಟ್ರೀಟ್ ಲೀಗ್’ ಎಂಬ ಸಂಸ್ಥೆ ಇದೆ. ಮನೆಯಿಲ್ಲದವರಿಗಾಗಿ ಫುಟ್‌ಬಾಲ್ ಆಡಿಸುವುದರಿಂದ 2001ರಲ್ಲಿ ಶುರುವಾಗಿ, ಆಮೇಲೆ ಕ್ರೀಡೆಯ ಮೂಲಕ ಯುವಜನರಿಗೆ ಉದ್ಯೋಗ ಎನ್ನುವ ಕಡೆಗೆ ತಿರುಗಿತು. ವರದಿ ಬರೆಯಲು ಅವರು ಮೂರು ನಿಯಮ ಹಾಕಿಕೊಂಡರು: ಮಾಡಿದ್ದಕ್ಕಿಂತ ಹೆಚ್ಚು ಹೇಳಿಕೊಳ್ಳಬಾರದು, ಶೇಕಡಾವಾರು ಕೊಟ್ಟಲ್ಲೆಲ್ಲ ನಿಜವಾದ ತಲೆಎಣಿಕೆಯನ್ನೂ ಕೊಡಬೇಕು, ಪ್ರತಿ ಫಲಿತಾಂಶಕ್ಕೂ ಪರಿಶೀಲಿಸಬಹುದಾದ ದಾಖಲೆ ಇರಬೇಕು. ಶೇಕಡಾ 80 ಎಂದರೆ ಹತ್ತರಲ್ಲಿ ಎಂಟೂ ಆಗಬಹುದು, ಸಾವಿರದಲ್ಲಿ ಎಂಟುನೂರೂ ಆಗಬಹುದು.

ನಾನು ಹೊಸಬರಿಗೆ ಇಡಲು ಹೇಳುವ ರಿಜಿಸ್ಟರ್‌ನಲ್ಲಿ ನಾಲ್ಕೇ ಕಾಲಂ: ಮೊದಲ ದಿನ ಬಂದವರು, ಮೂರನೇ ತಿಂಗಳಲ್ಲೂ ಬರುತ್ತಿರುವವರು, ಕೆಲಸಕ್ಕೆ ಸೇರಿದವರು, ಆರು ತಿಂಗಳ ನಂತರವೂ ಕೆಲಸದಲ್ಲಿ ಇರುವವರು. ಕಾಲಂನಿಂದ ಕಾಲಂಗೆ ಸಂಖ್ಯೆ ಇಳಿಯುತ್ತದೆ, ಕೆಲವೊಮ್ಮೆ ತುಂಬಾ ಇಳಿಯುತ್ತದೆ. ಎಲ್ಲಿ ಜಾಸ್ತಿ ಇಳಿದಿದೆ ಎಂದು ನೋಡಿದರೆ ಮುಂದಿನ ಬ್ಯಾಚಿಗೆ ಹಣ ಎಲ್ಲಿ ಖರ್ಚು ಮಾಡಬೇಕು ಎಂದು ತಿಳಿಯುತ್ತದೆ. ದೇಣಿಗೆ ಕೊಡುವವರು ಬಂದಾಗ ಆ ರಿಜಿಸ್ಟರನ್ನೇ ಮುಂದಿಡಿ. ಫೋಟೋ ಆಲ್ಬಮ್ ಆಮೇಲೆ ತೋರಿಸಬಹುದು.