ಕಂಪ್ಯೂಟರ್ ನಿಮ್ಮದೇ, ಆದರೂ ‘ಅನುಮತಿ ಇಲ್ಲ’ ಅನ್ನುವುದೇಕೆ?

ಹೊಸ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಒಂದು ಸಾಫ್ಟ್‌ವೇರ್ ಹಾಕಲು ಹೋದರೆ ಅಡ್ಮಿನಿಸ್ಟ್ರೇಟರ್ (ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಅಕೌಂಟ್) ಒಪ್ಪಿಗೆ ಬೇಕು ಅನ್ನುತ್ತದೆ. ಯಾವುದೋ ಫೈಲ್ ಅಳಿಸಲು ಹೊರಟರೆ ಅನುಮತಿ ಇಲ್ಲ ಅನ್ನುತ್ತದೆ. ದುಡ್ಡು ಕೊಟ್ಟು ತಂದವರು ನಾವು, ಬೇಡ ಅನ್ನೋಕೆ ಇದ್ಯಾರು ಅಂತ ಸಿಟ್ಟು ಬರುವುದು ಸಹಜ. ಈ ನಿಯಮಗಳು ಹುಟ್ಟಿದ್ದು ಕಂಪ್ಯೂಟರ್ ಯಾರೊಬ್ಬರ ಸ್ವಂತ ವಸ್ತುವೂ ಆಗಿರದಿದ್ದ ಕಾಲದಲ್ಲಿ.

1960ರ ಆಸುಪಾಸಿನಲ್ಲಿ ಒಂದು ದೊಡ್ಡ ಕಂಪ್ಯೂಟರ್ ಒಂದು ಇಡೀ ಕೋಣೆ ತುಂಬುತ್ತಿತ್ತು. ಬೆಲೆ ಲಕ್ಷಗಟ್ಟಲೆ ಡಾಲರ್. ನಿಮ್ಮ ಪ್ರೋಗ್ರಾಂ ಅನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಇದು ಬದಲಾಗಬೇಕು ಅಂತ ಹೊರಟವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಫರ್ನಾಂಡೊ ಕೊರ್ಬಾಟೊ. 1961ರ ನವೆಂಬರ್‌ನಲ್ಲಿ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿತು. ಹಲವರು ತಮ್ಮ ತಮ್ಮ ಟರ್ಮಿನಲ್ ಮುಂದೆ ಕೂತು, ಒಂದೇ ಯಂತ್ರವನ್ನು ಒಟ್ಟಿಗೆ ಬಳಸಬಹುದಿತ್ತು. ಯಂತ್ರ ಒಬ್ಬೊಬ್ಬರ ಕೆಲಸಕ್ಕೂ ಚೂರು ಚೂರು ಸಮಯ ಕೊಡುತ್ತಾ ಸುತ್ತು ಹಾಕುತ್ತಿತ್ತು.

ಒಂದು ರೀತಿ ವಠಾರ ಇದ್ದ ಹಾಗೆ. ಅಂಗಳ ಎಲ್ಲರದು, ಬಾವಿ ಎಲ್ಲರದು, ಮನೆ ಮಾತ್ರ ಅವರವರದು. ಎಲ್ಲರ ಫೈಲೂ ಒಂದೇ ಡಿಸ್ಕಿನಲ್ಲಿ ಇದ್ದ ಮೇಲೆ ಯಾವುದು ಯಾರದು ಅಂತ ಯಂತ್ರಕ್ಕೆ ಗೊತ್ತಾಗಬೇಕು ಅಲ್ವಾ? ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಅಕೌಂಟ್ ಬಂತು, ಅದಕ್ಕೊಂದು ಪಾಸ್‌ವರ್ಡ್ ಬಂತು.

ಬೀಗ ಬಂದ ಬೆನ್ನಲ್ಲೇ ಅದನ್ನು ತೆಗೆಯುವವರೂ ಬಂದರು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆ ಕಂಪ್ಯೂಟರ್ ಸಮಯ ಸಿಗುತ್ತಿತ್ತು. ಅದು ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಒಂದು ಕಾರ್ಡ್ ಕೊಟ್ಟು, ಪಾಸ್‌ವರ್ಡ್‌ಗಳ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡರು. ಬೇರೆಯವರ ಹೆಸರಲ್ಲಿ ಲಾಗಿನ್ ಆಗಿ ಕೆಲಸ ಮುಗಿಸಿಕೊಂಡರು. ಬಹಳ ವರ್ಷಗಳ ನಂತರ ಅವರೇ ಇದನ್ನು ಹೇಳಿಕೊಂಡರು.

1966ರಲ್ಲಿ ಆದದ್ದು ಇನ್ನೂ ವಿಚಿತ್ರ. ಲಾಗಿನ್ ಆದವರಿಗೆಲ್ಲ ಆ ದಿನದ ಸಂದೇಶ ಅಂತ ಒಂದು ಸೂಚನೆ ಕಾಣುತ್ತಿತ್ತು. ಒಬ್ಬ ನಿರ್ವಾಹಕರು ಆ ಸಂದೇಶವನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಪಾಸ್‌ವರ್ಡ್ ಫೈಲ್ ತಿದ್ದುತ್ತಿದ್ದರು. ಎಡಿಟರ್ ಪ್ರೋಗ್ರಾಂ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲ್ ಬಳಸಿತು. ಎರಡೂ ಅದಲು ಬದಲಾದವು. ಆಮೇಲೆ ಯಾರು ಲಾಗಿನ್ ಆದರೂ ಅವರ ಮುಂದೆ ಎಲ್ಲರ ಪಾಸ್‌ವರ್ಡ್ ಪಟ್ಟಿ! ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ. ಅತಿ ಗುಟ್ಟಿನ ಫೈಲಿಗೂ ಎಲ್ಲರಿಗೂ ತೋರಿಸುವ ಫೈಲಿಗೂ ನಡುವೆ ಇರಬೇಕಾದ ಗೋಡೆ ಇರಲಿಲ್ಲ, ಅಷ್ಟೇ.

ಸಿಟಿಎಸ್‌ಎಸ್ ಅನುಭವದ ಮೇಲೆ ಕಟ್ಟಲು ಹೊರಟದ್ದು ಮಲ್ಟಿಕ್ಸ್ ಎಂಬ ವ್ಯವಸ್ಥೆ. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಮಾಡಿದ ದೊಡ್ಡ ಯೋಜನೆ ಅದು. ಒಂದೊಂದು ಫೈಲಿಗೂ ಯಾರು ಏನು ಮಾಡಬಹುದು ಎಂಬ ಹೆಸರುಗಳ ಪಟ್ಟಿಯನ್ನೇ ಅದು ಇಡುತ್ತಿತ್ತು. ಕೆಲಸ ನಿಧಾನವಾಯಿತು, ಖರ್ಚು ಜಾಸ್ತಿಯಾಯಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಹೊರಬಂತು. ಅಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಒಂದು ಚಿಕ್ಕ ಯಂತ್ರದ ಮೇಲೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬರೆಯಲು ಶುರು ಮಾಡಿದರು. ಇವತ್ತಿನ ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಆ ಯೋಚನೆಗಳು ಬದುಕಿವೆ.

ಯುನಿಕ್ಸ್‌ನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್‌ನಲ್ಲಿ. ಅದರಲ್ಲೇ ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡ್ ಇತ್ತು. ಆಗ ಇದ್ದದ್ದು ಎರಡೇ ವರ್ಗ: ಫೈಲಿನ ಮಾಲೀಕ ಮತ್ತು ಉಳಿದವರು. ಗುಂಪು ಅನ್ನುವುದು ಕೆಲವು ವರ್ಷಗಳ ನಂತರ ಸೇರಿಕೊಂಡಿತು. ಹೀಗೆ ಮಾಲೀಕ, ಗುಂಪು, ಉಳಿದವರು ಎಂಬ ಮೂರು ವರ್ಗವಾಯಿತು. ಒಬ್ಬೊಬ್ಬರಿಗೂ ಮೂರು ಅನುಮತಿ: ಓದು, ಬರೆ, ಓಡಿಸು. ಓದಿಗೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಕೂಡಿದರೆ ಒಬ್ಬೊಬ್ಬರಿಗೆ ಒಂದು ಅಂಕಿ. ಮಾಲೀಕ, ಗುಂಪು, ಉಳಿದವರು ಎಂಬ ಕ್ರಮದಲ್ಲಿ ಬರೆದರೆ ಮುಗಿಯಿತು. 644 ಅಂದರೆ ಮಾಲೀಕ ಓದಬಹುದು, ಬರೆಯಬಹುದು. ಉಳಿದ ಎಲ್ಲರೂ ಓದಬಹುದು ಮಾತ್ರ. 600 ಅಂದರೆ ಮಾಲೀಕನ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ. 777 ಅಂದರೆ ಎಲ್ಲರೂ ಏನು ಬೇಕಾದರೂ ಮಾಡಬಹುದು. ಏನೋ ಕೆಲಸ ಮಾಡುತ್ತಿಲ್ಲ ಅಂದಾಗ ‘ಸುಮ್ನೆ 777 ಕೊಡಿ’ ಅಂತ ಸಲಹೆ ಕೊಡುವವರು ಈಗಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. ತೊಂದರೆ ಎಲ್ಲಿದೆ ಅಂತ ಹುಡುಕುವ ಬದಲು ಬಾಗಿಲನ್ನೇ ಕಿತ್ತು ಹಾಕಿದಂತಾಗುತ್ತದೆ.

ಹೊಸಬರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಫೋಲ್ಡರ್. ಒಂದು ಫೈಲಿಗೆ ಬರೆಯುವ ಅನುಮತಿ ನಿಮಗಿಲ್ಲ ಅಂದುಕೊಳ್ಳಿ. ಆದರೆ ಅದು ಇರುವ ಫೋಲ್ಡರ್‌ಗೆ ಬರೆಯುವ ಮತ್ತು ಒಳಗೆ ಹೋಗುವ ಅನುಮತಿ ಇದೆ. ಆಗ ನೀವು ಆ ಫೈಲನ್ನು ತಿದ್ದಲಾರಿರಿ, ಅಳಿಸಬಲ್ಲಿರಿ! ಯಾಕೆಂದರೆ ಯುನಿಕ್ಸ್ ಕಣ್ಣಲ್ಲಿ ಫೋಲ್ಡರ್ ಅನ್ನುವುದು ಹೆಸರುಗಳ ಪಟ್ಟಿ. ಫೈಲ್ ಅಳಿಸುವುದು ಅಂದರೆ ಆ ಪಟ್ಟಿಯಿಂದ ಒಂದು ಹೆಸರು ಹೊಡೆದು ಹಾಕುವುದು. ಪಟ್ಟಿ ತಿದ್ದುವ ಹಕ್ಕು ಇದ್ದರೆ ಸಾಕು. ಫೋಲ್ಡರ್ ವಿಷಯದಲ್ಲಿ ‘ಓಡಿಸು’ ಅಂದರೆ ಅದರೊಳಗೆ ಹಾದುಹೋಗುವ ಅನುಮತಿ. ಇಷ್ಟು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ನಿಜಕ್ಕೂ ಮನಸ್ಸಿಗೆ ಇಳಿಯಬೇಕಾದ ಸಂಗತಿ ಇನ್ನೊಂದಿದೆ. ಕಂಪ್ಯೂಟರ್‌ಗೆ ನೀವು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಓಡುತ್ತಿರುವ ಪ್ರೋಗ್ರಾಂ ಮತ್ತು ಅದು ಯಾವ ಅಕೌಂಟ್ ಹೆಸರಲ್ಲಿ ಓಡುತ್ತಿದೆ ಅನ್ನುವುದು. ನೀವು ತೆರೆದ ಪ್ರತಿ ಪ್ರೋಗ್ರಾಂಗೂ ನಿಮ್ಮ ಹಕ್ಕುಗಳೆಲ್ಲ ಸಿಗುತ್ತವೆ. ಯುನಿಕ್ಸ್‌ನಲ್ಲಿ ರೂಟ್ ಎಂಬ ಅಕೌಂಟ್ ಇದೆ. ಪ್ರತಿ ಅಕೌಂಟ್‌ಗೂ ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ರೂಟ್‌ನದು 0. ಫೈಲ್ ಅನುಮತಿಗಳು ಅದನ್ನು ತಡೆಯುವುದಿಲ್ಲ. ಯಾವುದೋ ಕೆಟ್ಟ ಪ್ರೋಗ್ರಾಂ ರೂಟ್ ಹೆಸರಲ್ಲಿ ಓಡಿದರೆ ಇಡೀ ಯಂತ್ರ ಅದರದ್ದೇ.

ಹಾಗಾದರೆ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸುವುದು ಹೇಗೆ? ಪಾಸ್‌ವರ್ಡ್ ಫೈಲಿನ ಮಾಲೀಕ ರೂಟ್, ಅದನ್ನು ತಿದ್ದುವ ಹಕ್ಕು ಬೇರೆಯವರಿಗಿಲ್ಲ. ಇದಕ್ಕೆ ರಿಚಿ ಒಂದು ಚೆಂದದ ಉಪಾಯ ಕಂಡುಕೊಂಡರು. ಕೆಲವು ಪ್ರೋಗ್ರಾಂಗಳನ್ನು ಯಾರೇ ಓಡಿಸಿದರೂ ಅವು ತಮ್ಮ ಮಾಲೀಕನ ಹೆಸರಲ್ಲೇ ಓಡುತ್ತವೆ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂ ಅಂಥದ್ದು. ರೂಟ್ ಶಕ್ತಿ ಸಿಗುವುದು ಆ ಒಂದು ಕೆಲಸದ ಮಟ್ಟಿಗೆ ಮಾತ್ರ. ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಇಡೀ ಕೀಲಿಗೊಂಚಲು ಕೊಡಬೇಡ, ಬೇಕಾದಷ್ಟೇ ಕೊಡು ಎಂಬ ಈ ಯೋಚನೆ ನನಗೆ ಈ ಚರಿತ್ರೆಯಲ್ಲೇ ಅತ್ಯಂತ ಇಷ್ಟವಾದದ್ದು.

ಇಷ್ಟೆಲ್ಲ ಕಲಿತಿದ್ದನ್ನು ಪರ್ಸನಲ್ ಕಂಪ್ಯೂಟರ್ ಪಕ್ಕಕ್ಕೆ ಇಟ್ಟುಬಿಟ್ಟಿತು. 1981ರಲ್ಲಿ ಐಬಿಎಂ ಪಿಸಿ ಬಂತು, ಜೊತೆಗೆ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಬಂತು. ಒಬ್ಬರ ಮೇಜು, ಒಬ್ಬರ ಯಂತ್ರ. ಅಕೌಂಟ್ ಯಾಕೆ ಅಂತ ಕೈಬಿಟ್ಟರು. ವಿಂಡೋಸ್ 95 ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು, ನಿಜ. ಕ್ಯಾನ್ಸಲ್ ಒತ್ತಿದರೆ ಸಾಕು, ಒಳಗೆ ಬಿಡುತ್ತಿತ್ತು. ಹಳೆಯ ಸೈಬರ್ ಕೆಫೆಗಳಲ್ಲಿ ಕೂತವರಿಗೆ ನೆನಪಿರಬಹುದು: ಹಿಂದೆ ಕೂತು ಹೋದವರ ಬಯೋಡೇಟಾ, ಫೋಟೋ ಎಲ್ಲ ಡೆಸ್ಕ್‌ಟಾಪ್ ಮೇಲೆ ಬಿದ್ದಿರುತ್ತಿದ್ದವು.

ಒಬ್ಬರ ಯಂತ್ರ ಅನ್ನುವುದು ಇಂಟರ್ನೆಟ್ ಬಂದ ಮೇಲೆ ಸುಳ್ಳಾಯಿತು. ಎಲ್ಲಿಂದಲೋ ಬಂದ ಪ್ರೋಗ್ರಾಂಗಳು ನಮ್ಮ ಹೆಸರಲ್ಲಿ ಓಡತೊಡಗಿದವು. ಮೈಕ್ರೋಸಾಫ್ಟ್ ಬಳಿ ಮದ್ದು ಇರಲಿಲ್ಲ ಅಂತಲ್ಲ. ಡೇವ್ ಕಟ್ಲರ್ ತಂಡ ಕಟ್ಟಿದ ವಿಂಡೋಸ್ ಎನ್‌ಟಿ 1993ರಲ್ಲೇ ಬಂದಿತ್ತು. ಅದರಲ್ಲಿ ಅಕೌಂಟ್ ಇತ್ತು, ಒಂದೊಂದು ಫೈಲಿಗೂ ಅನುಮತಿ ಪಟ್ಟಿ ಇತ್ತು. 2001ರಲ್ಲಿ ಎಕ್ಸ್‌ಪಿ ಮೂಲಕ ಅದು ಮನೆ ಮನೆಗೆ ಬಂತು. ಆದರೆ ಇನ್‌ಸ್ಟಾಲ್ ಮಾಡುವಾಗ ತೆರೆದ ಅಕೌಂಟ್‌ಗಳೆಲ್ಲ ಅಡ್ಮಿನಿಸ್ಟ್ರೇಟರ್ ಆಗಿರುತ್ತಿದ್ದವು. ಗೋಡೆ ಕಟ್ಟಿ ಎಲ್ಲರಿಗೂ ಕೀಲಿ ಹಂಚಿದಂತಾಯಿತು. 2007ರಲ್ಲಿ ವಿಸ್ಟಾ ಬಂದಾಗ ಪರದೆ ಮಬ್ಬಾಗಿ, ಹೌದೋ ಅಲ್ಲವೋ ಅಂತ ಕೇಳುವ ಕಿಟಕಿ ಶುರುವಾಯಿತು. ಅಡ್ಮಿನ್ ಆಗಿದ್ದರೂ ಪ್ರೋಗ್ರಾಂಗಳು ಕಡಿಮೆ ಹಕ್ಕಿನಲ್ಲೇ ಓಡುತ್ತವೆ, ಹೌದು ಅಂದಾಗ ಮಾತ್ರ ಪೂರ್ತಿ ಹಕ್ಕು. ಜನ ಬೈದರು. ಪದೇ ಪದೇ ಕೇಳುತ್ತಿದ್ದದ್ದೂ ನಿಜ. ಆದರೆ ಯೋಚನೆ ಸರಿಯಾಗಿತ್ತು.

ಹಾಗಾಗಿ ಮನೆಯ ಕಂಪ್ಯೂಟರ್‌ನಲ್ಲಿ ಎರಡು ಅಕೌಂಟ್ ಇಟ್ಟುಕೊಳ್ಳಿ. ಒಂದು ಅಡ್ಮಿನ್, ಸಾಫ್ಟ್‌ವೇರ್ ಹಾಕಲು ಮಾತ್ರ. ಇನ್ನೊಂದು ಸ್ಟ್ಯಾಂಡರ್ಡ್, ದಿನನಿತ್ಯದ ಬಳಕೆಗೆ. ಮಕ್ಕಳಿಗೆ ಬೇರೆಯದೇ ಕೊಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಇದು ಕೆಲವೇ ನಿಮಿಷದ ಕೆಲಸ. ಅರ್ಜಿ ಹಾಕಿಸಲು ಸೇವಾ ಕೇಂದ್ರಕ್ಕೆ ಹೋದಾಗ, ನಿಮ್ಮ ಆಧಾರ್ ಪ್ರತಿಯನ್ನು ಆ ಕಂಪ್ಯೂಟರ್‌ನಿಂದ ಅಳಿಸಲು ಹೇಳಿ. ಅಲ್ಲಿ ಎಲ್ಲ ಗಿರಾಕಿಗಳ ಕೆಲಸ ಒಂದೇ ಅಕೌಂಟ್‌ನಲ್ಲಿ ನಡೆಯುತ್ತಿದ್ದರೆ, ಕಾಯಲು ಯಾವ ಅನುಮತಿಯೂ ಇರುವುದಿಲ್ಲ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಂವೇರ್‌ಗೆ ನಿಮ್ಮ ಫೋಟೋಗಳನ್ನು ಕೆಡಿಸಲು ಅಡ್ಮಿನ್ ಹಕ್ಕು ಬೇಕಿಲ್ಲ. ಫೋಟೋ ನಿಮ್ಮದು, ಪ್ರೋಗ್ರಾಂ ಓಡುತ್ತಿರುವುದೂ ನಿಮ್ಮ ಹೆಸರಲ್ಲೇ. ಇದಕ್ಕೆ ಬೇರೆ ಕಡೆ ಬ್ಯಾಕಪ್ ಇಡುವುದೇ ದಾರಿ. ಆಂಡ್ರಾಯ್ಡ್ ಮಾಡಿದವರು ಈ ಕಿಂಡಿಯನ್ನು ಬೇರೆ ರೀತಿಯಲ್ಲಿ ಚಿಕ್ಕದು ಮಾಡಿದರು. ಅಡಿಯಲ್ಲಿರುವುದು ಲಿನಕ್ಸೇ, ಆದರೆ ಅಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ. ಮನುಷ್ಯರನ್ನು ಬೇರ್ಪಡಿಸಲು ಮಾಡಿದ್ದ ಗೋಡೆ ಈಗ ಆ್ಯಪ್‌ಗಳ ನಡುವೆ ನಿಂತಿದೆ. ಗೇಮ್ ಆ್ಯಪ್ ಬ್ಯಾಂಕ್ ಆ್ಯಪ್‌ನ ಫೈಲ್ ಓದಲಾಗದ್ದು ಇದರಿಂದಲೇ. ಕ್ಯಾಮೆರಾ, ಮೈಕ್, ಕಾಂಟ್ಯಾಕ್ಟ್ಸ್ ಬೇಕಾದರೆ ನಿಮ್ಮನ್ನು ಕೇಳಬೇಕು. 2015ರ ಆಂಡ್ರಾಯ್ಡ್ 6ರ ತನಕ ಎಲ್ಲದಕ್ಕೂ ಇನ್‌ಸ್ಟಾಲ್ ಮಾಡುವಾಗಲೇ ಒಟ್ಟಿಗೆ ಒಪ್ಪಬೇಕಿತ್ತು. ಈಗ ಒಂದೊಂದಾಗಿ ಕೊಡಬಹುದು, ಕೊಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳಬಹುದು. ಆಂಡ್ರಾಯ್ಡ್ 11ರಿಂದ ಕ್ಯಾಮೆರಾ, ಮೈಕ್ ವಿಷಯದಲ್ಲಿ ‘ಈ ಸಲ ಮಾತ್ರ’ ಅಂತಲೂ ಹೇಳಬಹುದು. ಟಾರ್ಚ್ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ ಬೇಡ ಅಂತ ಒತ್ತಿ. ಟಾರ್ಚ್ ಆಗಲೂ ಉರಿಯುತ್ತದೆ. ಉರಿಯದಿದ್ದರೆ ಆ ಆ್ಯಪ್ ತೆಗೆದು ಹಾಕಿ.