2 ಕೋಟಿ ಪ್ರವಾಸಿಗರು ಬಂದರಂತೆ, ಹಂಪಿಯಲ್ಲಿ ಯಾಕೆ ಕಾಣುತ್ತಿಲ್ಲ?

ಓದುಗರ ಪ್ರಶ್ನೆ: ಕೊರೋನಾಗಿಂತ ಮುಂಚೆ ಬರುತ್ತಿದ್ದುದಕ್ಕಿಂತ ಹೆಚ್ಚು ವಿದೇಶಿಯರು ಈಗ ಭಾರತಕ್ಕೆ ಬರುತ್ತಿದ್ದಾರೆ, 2024ರಲ್ಲಿ 2 ಕೋಟಿ ದಾಟಿದೆ ಎಂದು ಓದಿದೆ. ಹಂಪಿಯ ಗೈಡುಗಳನ್ನು ಕೇಳಿದರೆ ಫಾರಿನರ್ಸ್ ಕಡಿಮೆಯಾಗಿದ್ದಾರೆ ಅನ್ನುತ್ತಾರೆ. ಯಾವುದು ನಿಜ?

2 ಕೋಟಿ ದಾಟಿದ್ದೂ ನಿಜ, ಗೈಡುಗಳು ಹೇಳುವುದೂ ನಿಜ; ವಿದೇಶಿಯರು ಹೆಚ್ಚಾಗಿದ್ದಾರೆ ಎನ್ನುವುದು ಮಾತ್ರ ತಪ್ಪು. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಆ 2 ಕೋಟಿಯ ಲೆಕ್ಕದಲ್ಲಿ ಇಲ್ಲದ ‘ವಿದೇಶಿ’ ಎಂಬ ಪದವನ್ನು ಯಾರಾದರೊಬ್ಬರು ಸೇರಿಸಿಬಿಡುತ್ತಾರೆ, ಗೊಂದಲ ಅಲ್ಲಿಂದಲೇ ಶುರು.

ಪ್ರವಾಸೋದ್ಯಮ ಸಚಿವಾಲಯ ಎರಡು ಲೆಕ್ಕ ಕೊಡುತ್ತದೆ. ಒಂದು ವಿದೇಶಿ ಪ್ರವಾಸಿಗರ ಆಗಮನ: ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ಬಂದವರದು. ಇನ್ನೊಂದು ಅಂತರರಾಷ್ಟ್ರೀಯ ಪ್ರವಾಸಿಗರ ಆಗಮನ: ಅದೇ ಸಂಖ್ಯೆಗೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ನೆಲೆಸಿರುವ ಎನ್‌ಆರ್‌ಐಗಳನ್ನೂ ಕೂಡಿಸಿದ್ದು. ಇದರಲ್ಲಿ ಮೋಸವೇನಿಲ್ಲ. ಪ್ರವಾಸಿಯನ್ನು ಪೌರತ್ವ ನೋಡಿ ಅಲ್ಲ, ಅವರು ವಾಸವಿರುವ ದೇಶ ನೋಡಿ ಎಣಿಸಬೇಕು ಎನ್ನುವುದು ವಿಶ್ವಸಂಸ್ಥೆಯ ಪದ್ಧತಿ. ಹೀಗೆ ಎನ್‌ಆರ್‌ಐಗಳನ್ನು ಸೇರಿಸಿದ್ದು 2014ರ ಅಂಕಿಗಳಿಂದ. ಆಗ ಭಾರತದ ಜಾಗತಿಕ ಸ್ಥಾನ 41ರಿಂದ 24ಕ್ಕೆ ಏರಿತು. ಏರಿದ್ದು ಎಣಿಕೆಯ ರೀತಿ ಬದಲಾದ ಕಾರಣಕ್ಕೆ.

ಈಗ ಅಂಕಿಗಳನ್ನು ಪಕ್ಕಪಕ್ಕ ಇಡಿ. 2019ರಲ್ಲಿ ವಿದೇಶಿಯರು 1.09 ಕೋಟಿ, ಎನ್‌ಆರ್‌ಐಗಳು ಸುಮಾರು 70 ಲಕ್ಷ, ಒಟ್ಟು 1.79 ಕೋಟಿ. 2024ರಲ್ಲಿ ವಿದೇಶಿಯರು 99.5 ಲಕ್ಷ, ಎನ್‌ಆರ್‌ಐಗಳು 1.06 ಕೋಟಿ, ಒಟ್ಟು 2.06 ಕೋಟಿ. ಒಟ್ಟು ಮೊತ್ತ ಹೆಚ್ಚಿದೆ, ವಿದೇಶಿಯರು ಸುಮಾರು ಶೇ 9ರಷ್ಟು ಕಡಿಮೆ. ಹೆಚ್ಚಳ ಪೂರ್ತಿ ನಮ್ಮವರದೇ. 2019ರ 1.09 ಕೋಟಿಯ ಎದುರು 2024ರ 2.06 ಕೋಟಿ ಇಟ್ಟು ‘ಹೆಚ್ಚುಕಡಿಮೆ ಎರಡು ಪಟ್ಟಾಯಿತು’ ಎನ್ನುವುದು ಶುದ್ಧ ತಪ್ಪು. ಒಂದು ವರ್ಷದ್ದು ಸೇರಿನ ಅಳತೆ, ಇನ್ನೊಂದು ವರ್ಷದ್ದು ಕಿಲೋ ಲೆಕ್ಕ. ದಯವಿಟ್ಟು ಇದನ್ನು ಇನ್ನು ಫಾರ್ವರ್ಡ್ ಮಾಡಬೇಡಿ.

‘ಹೋಗಲಿ, 99.5 ಲಕ್ಷ ಮಂದಿಯಾದರೂ ಊರು ನೋಡಲು ಬಂದವರಲ್ಲವೇ?’ ಎಂದರೆ ಅದೂ ಅಲ್ಲ. ದೇವನಹಳ್ಳಿಯ ಇಮಿಗ್ರೇಷನ್ ಕೌಂಟರಿನ ಮುಂದೆ ನಾಲ್ಕು ಜನ ನಿಂತಿದ್ದಾರೆ ಅಂದುಕೊಳ್ಳಿ. ದುಬೈಯಲ್ಲಿ ನರ್ಸ್ ಆಗಿರುವ ಉಡುಪಿಯ ಹೆಣ್ಣುಮಗಳು, ಭಾರತದ ಪಾಸ್‌ಪೋರ್ಟ್. ಸಿಯಾಟಲ್‌ನಿಂದ ಧಾರವಾಡಕ್ಕೆ ಅಮ್ಮನನ್ನು ನೋಡಲು ಬಂದ ಇಂಜಿನಿಯರ್, ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವುದು). ಹೃದಯದ ಆಪರೇಷನ್ನಿಗೆ ಬಂದ ಢಾಕಾದ ಹಿರಿಯರು. ಬೆನ್ನಿಗೆ ಚೀಲ ಹಾಕಿಕೊಂಡ ಜರ್ಮನಿಯ ಹುಡುಗ. ನರ್ಸ್ ಎರಡನೇ ಲೆಕ್ಕಕ್ಕೆ ಮಾತ್ರ, ಉಳಿದ ಮೂವರೂ ವಿದೇಶಿ ಪ್ರವಾಸಿಗರು. ಹಂಪಿಯ ಗೈಡಿಗೆ ಗಿರಾಕಿ ಆಗುವ ಸಾಧ್ಯತೆ ಹೆಚ್ಚಿರುವುದು ಆ ಹುಡುಗ ಒಬ್ಬನೇ. ಇನ್ನೊಂದು ವಿಷಯ: ಎಣಿಸುವುದು ಆಗಮನವನ್ನು, ತಲೆಯನ್ನಲ್ಲ. ಆ ಇಂಜಿನಿಯರ್ ವರ್ಷಕ್ಕೆ ಮೂರು ಸಲ ಬಂದರೆ ಲೆಕ್ಕದಲ್ಲಿ ಮೂವರು.

ಬಂದ ಉದ್ದೇಶದ ಪಟ್ಟಿಯೂ ಇದನ್ನೇ ಹೇಳುತ್ತದೆ. ವಿದೇಶಿ ಪ್ರವಾಸಿಗರ ಪೈಕಿ ರಜೆ, ವಿಹಾರಕ್ಕೆಂದು ಬಂದವರು 2019ರಲ್ಲಿ ನೂರಕ್ಕೆ 57, 2023ರಲ್ಲಿ 46. ಅದೇ ಅವಧಿಯಲ್ಲಿ ಭಾರತ ಮೂಲದವರ ಪಾಲು ಎರಡು ಪಟ್ಟಿಗೂ ಮೀರಿ ಬೆಳೆದಿದೆ. ಅಮ್ಮನ ಮನೆಗೆ ಬರುವವರು ವಿಮಾನ ಶುರುವಾದ ತಕ್ಷಣ ಟಿಕೆಟ್ ತೆಗೆದುಕೊಂಡರು. ವಿಹಾರಕ್ಕೆ ಬರುವವರು ವೀಸಾ ಸುಲಭವಾಗಿ ಸಿಗುವ ಕಡೆ ಹೊರಟರು. ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಹಾರಿದ್ದು 2022ರ ಮಾರ್ಚ್ 27ರಂದು. ಆದರೆ ಬ್ರಿಟನ್ನಿನವರಿಗೆ ಇ-ವೀಸಾ ಮರಳಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ನಮ್ಮ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅದಕ್ಕೆ ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ಆಗಿರುತ್ತದೆ. ಡಿಸೆಂಬರ್‌ನಲ್ಲಿ ಬಾಗಿಲು ತೆರೆದರೆ ಆ ವರ್ಷದ ಸೀಸನ್ ಬಹುಪಾಲು ಕೈತಪ್ಪಿದಂತೆಯೇ. ಚೀನಾದವರಿಗೆ ಪ್ರವಾಸಿ ವೀಸಾ ಮತ್ತೆ ಶುರುವಾಗಿದ್ದು 2025ರ ಜುಲೈಯಲ್ಲಿ. 2019ರಲ್ಲಿ ಬಂದ ವಿದೇಶಿಯರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಬಾಂಗ್ಲಾದೇಶದವರೇ ಇದ್ದರು. 2024ರ ಆಗಸ್ಟ್‌ನಲ್ಲಿ ಅಲ್ಲಿ ಸರ್ಕಾರ ಬಿದ್ದ ಮೇಲೆ ವೀಸಾ ಕೊಡುವುದೇ ತೀರಾ ಕಡಿಮೆಯಾಯಿತು.

ಹಂಪಿಗೆ ಬರೋಣ. ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ನೆರೆಹೊರೆಯ ದೇಶಗಳ ಕೂಟಗಳಾದ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳವರಿಗೂ, ಓಸಿಐ ಕಾರ್ಡ್ ಇರುವವರಿಗೂ 40ರ ದರವೇ. ಅಂದರೆ ಢಾಕಾದ ಹಿರಿಯರು, ಸಿಯಾಟಲ್‌ನ ಇಂಜಿನಿಯರ್ ಹಂಪಿಗೆ ಬಂದರೂ 600ರ ಸಾಲಿಗೆ ಬರುವುದಿಲ್ಲ. ನಿಮ್ಮ ಮನಸ್ಸಿನಲ್ಲಿರುವ ‘ಫಾರಿನರ್’ ಎಷ್ಟು ಜನ ಎಂದು ತಿಳಿಯಬೇಕಿದ್ದರೆ 2 ಕೋಟಿಯನ್ನು ಬಿಟ್ಟು 600 ರೂಪಾಯಿಯ ಟಿಕೆಟ್ ಎಷ್ಟು ಹೋಯಿತು ಎಂದು ಕೇಳಿ. ಹಂಪಿಗೆ ಕೊರೋನಾ ಅಲ್ಲದ ಕಾರಣವೂ ಇದೆ. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಅಗ್ಗದ ಕೋಣೆ ಹಿಡಿದು ವಾರಗಟ್ಟಲೆ ಇರುತ್ತಿದ್ದ ವಿದೇಶಿಯರಿಗೆ ಆ ಜಾಗವೇ ಇಲ್ಲವಾಯಿತು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದ್ದು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಕೆಲವೇ ವಾರ ಮೊದಲು.

ದುಡ್ಡಿನ ಲೆಕ್ಕದಲ್ಲೂ ಇಂಥದೇ ಎಡವಟ್ಟು ಆಗುತ್ತದೆ. ಪ್ರವಾಸೋದ್ಯಮದಿಂದ ಬಂದ ವಿದೇಶಿ ವಿನಿಮಯ ಗಳಿಕೆ 2019ರಲ್ಲಿ 2.11 ಲಕ್ಷ ಕೋಟಿ ರೂಪಾಯಿ, 2023ರಲ್ಲಿ 2.31 ಲಕ್ಷ ಕೋಟಿ. ಡಾಲರಿನಲ್ಲಿ ನೋಡಿದರೆ 3,000 ಕೋಟಿಯಿಂದ ಸುಮಾರು 2,800 ಕೋಟಿಗೆ ಇಳಿದಿದೆ. ನಡುವೆ ಡಾಲರ್ 70 ರೂಪಾಯಿಯಿಂದ 82ರ ಆಚೆಗೆ ಹೋಗಿತ್ತು.

ಯಾರೂ ಕೇಳದಿದ್ದರೂ ಇದನ್ನೂ ಹೇಳಬೇಕು: ಇಲ್ಲಿಂದ ಹೊರಗೆ ಹೋಗುವವರ ಸಂಖ್ಯೆ ಎಂದೋ ಚೇತರಿಸಿಕೊಂಡಿದೆ. 2019ರಲ್ಲಿ 2.69 ಕೋಟಿ, 2023ರಲ್ಲಿ 2.79 ಕೋಟಿ, 2024ರಲ್ಲಿ 3.09 ಕೋಟಿ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ, ಮಲೇಷ್ಯಾ ಡಿಸೆಂಬರ್‌ನಲ್ಲಿ ನಮಗೆ ವೀಸಾ ಬೇಡ ಎಂದವು. ಹಾಗಂತ ಈ 3.09 ಕೋಟಿಯನ್ನೂ ‘ಟೂರ್ ಹೋದವರು’ ಎಂದು ಬರೆಯಬೇಡಿ. ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೊರಟವರು, ಓದಲು ಹೋದ ಮಕ್ಕಳು ಎಲ್ಲರೂ ಇದರಲ್ಲಿದ್ದಾರೆ. ರಜೆ ಮುಗಿಸಿ ದುಬೈಗೆ ವಾಪಸು ಹೋಗುವ ಉಡುಪಿಯ ಆ ನರ್ಸ್ ಕೂಡ.