ಕೊನೆಯ ಪಂಕ್ತಿಯ ಲೆಕ್ಕ

2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕಿನ ಒಂದು ಷೇರಿಗೆ ಸುಮಾರು 400 ರೂಪಾಯಿ ಇತ್ತು. 2020ರ ಮಾರ್ಚ್ 6ರಂದು, ಅಂದರೆ ಠೇವಣಿ ಹಿಂಪಡೆಯಲು 50,000 ರೂಪಾಯಿಯ ಮಿತಿ ಬಿದ್ದ ಮಾರನೆಯ ದಿನ, ಅದೇ ಷೇರು 6 ರೂಪಾಯಿಗಿಂತಲೂ ಕೆಳಕ್ಕೆ ಹೋಗಿ ಬಂತು. ಈ ಎರಡು ತುದಿಗಳ ನಡುವೆ 200ಕ್ಕೆ, 100ಕ್ಕೆ, 50ಕ್ಕೆ ‘ಇನ್ನೆಷ್ಟು ಅಗ್ಗವಾದೀತು’ ಎಂದು ಕೊಂಡವರಿದ್ದಾರೆ. ಇಳಿದಂತೆಲ್ಲ ಮತ್ತಷ್ಟು ಕೊಳ್ಳುವುದಕ್ಕೆ ಷೇರುಪೇಟೆಯಲ್ಲಿ ‘ಆವರೇಜ್ ಮಾಡುವುದು’ ಎನ್ನುತ್ತಾರೆ. ಸಿಮೆಂಟ್ ಕಂಪನಿಯಲ್ಲಿ ಇದು ಫಲಿಸಿದರೂ ಫಲಿಸೀತು. ಬ್ಯಾಂಕಿನಲ್ಲಿ ಏಕೆ ಕೈಕೊಡುತ್ತದೆ ಎಂಬುದು ಶುದ್ಧ ಅಂಕಗಣಿತ.

ಬ್ಯಾಂಕು ಕೊಟ್ಟಿರುವ ಸಾಲ 100 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಷೇರುದಾರರ ಬಂಡವಾಳ ಹತ್ತು. ಉಳಿದ ತೊಂಬತ್ತು ಠೇವಣಿ ಇಟ್ಟವರದು, ಬಾಂಡ್ ಕೊಂಡವರದು. ನೂರರಲ್ಲಿ ಐದು ಮುಳುಗಿದರೆ ಷೇರುದಾರನ ಗಂಟು ಅರ್ಧವಾಯಿತು. ಹತ್ತು ಮುಳುಗಿದರೆ ಗಂಟೇ ಇಲ್ಲ. ಮದುವೆ ಮನೆಯಲ್ಲಿ ಠೇವಣಿದಾರರದು ಮೊದಲ ಪಂಕ್ತಿ, ಬಾಂಡಿನವರದು ಎರಡನೆಯದು, ಷೇರುದಾರರದು ಕಟ್ಟಕಡೆಯದು. ಅಡುಗೆ ಹೆಚ್ಚಾದರೆ ಕೊಪ್ಪರಿಗೆಯಲ್ಲಿ ಮಿಕ್ಕ ಪಾಯಸವೆಲ್ಲ ಅವರದೇ. ಕಡಿಮೆ ಬಿದ್ದರೆ ಬರಿ ಎಲೆ.

ಕೊಪ್ಪರಿಗೆಯಲ್ಲಿ ಎಷ್ಟಿದೆ ಎಂಬುದನ್ನು ಹೊರಗೆ ನಿಂತವರು ಇಣುಕಿ ನೋಡುವಂತಿಲ್ಲ ಎಂಬುದು ಇನ್ನೊಂದು ತೊಡಕು. 2016ರ ಮಾರ್ಚ್ ಕೊನೆಗೆ ತನ್ನ ಕೆಟ್ಟ ಸಾಲ 749 ಕೋಟಿ ರೂಪಾಯಿ ಎಂದು ಯೆಸ್ ಬ್ಯಾಂಕ್ ತೋರಿಸಿತ್ತು. ರಿಸರ್ವ್ ಬ್ಯಾಂಕಿನವರು ಎಣಿಸಿದಾಗ ಅದು 4,900 ಕೋಟಿ ದಾಟಿತು! ‘ಬುಕ್ ವ್ಯಾಲ್ಯೂಗಿಂತ (ಲೆಕ್ಕಪುಸ್ತಕದಲ್ಲಿ ತೋರಿಸಿದ ಮೌಲ್ಯಕ್ಕಿಂತ) ಕಡಿಮೆಗೆ ಸಿಗುತ್ತಿದೆ’ ಎನ್ನುವವರು ಆ ಬುಕ್ಕನ್ನು ಬರೆದವರು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು.

ಸರ್ಕಾರ ಬ್ಯಾಂಕನ್ನು ಮುಳುಗಲು ಬಿಡುವುದಿಲ್ಲ ಎಂಬ ನಂಬಿಕೆ ಸುಳ್ಳಾಗಲಿಲ್ಲ. ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳು ಷೇರಿಗೆ 10 ರೂಪಾಯಿಯಂತೆ 10,000 ಕೋಟಿ ಸುರಿದವು. ಜುಲೈನಲ್ಲಿ 12 ರೂಪಾಯಿಯಂತೆ ಇನ್ನೂ 15,000 ಕೋಟಿ ಎತ್ತಲಾಯಿತು. ಸುಮಾರು 255 ಕೋಟಿ ಇದ್ದ ಷೇರುಗಳ ಸಂಖ್ಯೆ 2,500 ಕೋಟಿಯಾಯಿತು. ಇಲ್ಲಿ ಸ್ವಲ್ಪ ನಿಲ್ಲಿ. 400 ರೂಪಾಯಿ ಇದ್ದಾಗ ಇಡೀ ಬ್ಯಾಂಕಿನ ಮಾರುಕಟ್ಟೆ ಮೌಲ್ಯ 90 ಸಾವಿರ ಕೋಟಿಯ ಆಸುಪಾಸು. ಷೇರುಗಳು ಅಷ್ಟಾದ ಮೇಲೆ ಬೆಲೆ ಮತ್ತೆ 400ಕ್ಕೆ ಏರಬೇಕೆಂದರೆ ಆ ಮೌಲ್ಯ 10 ಲಕ್ಷ ಕೋಟಿ ಆಗಬೇಕು. ಬ್ಯಾಂಕು ಪೂರ್ತಿ ಚೇತರಿಸಿಕೊಂಡರೂ ಹಳೆಯ ಷೇರುದಾರ ಚೇತರಿಸಿಕೊಳ್ಳದಿರುವುದು ಹೀಗೆ.

ನೂರಕ್ಕಿಂತ ಹೆಚ್ಚು ಷೇರು ಇದ್ದವರಿಗೆ ಇನ್ನೊಂದು ಏಟು ಬಿತ್ತು: ನಾಲ್ಕರಲ್ಲಿ ಮೂರು ಪಾಲನ್ನು ಮೂರು ವರ್ಷ ಮಾರುವಂತಿಲ್ಲ. 2020ರ ಆ ಮಾರ್ಚ್‌ನಲ್ಲೇ ಬೆಲೆ ಒಮ್ಮೆ 60 ರೂಪಾಯಿ ಮುಟ್ಟಿದಾಗ, ಡಿಮ್ಯಾಟ್ ಖಾತೆಯಲ್ಲಿ ಸಾವಿರ ಷೇರು ಕಾಣುತ್ತಿದ್ದವರಿಗೆ ಮಾರಲು ಸಿಕ್ಕಿದ್ದು ಇನ್ನೂರೈವತ್ತು ಮಾತ್ರ. ಪಂಕ್ತಿಯ ಕ್ರಮವೂ ಆಗ ತಲೆಕೆಳಗಾಯಿತೆನ್ನಿ. 8,415 ಕೋಟಿ ರೂಪಾಯಿಯ ‘ಅಡಿಷನಲ್ ಟಯರ್–1’ ಬಾಂಡುಗಳನ್ನು (ಬ್ಯಾಂಕು ಮುಳುಗುವಂತಾದರೆ ಅಳಿಸಿಹಾಕಲು ಅವಕಾಶವಿರುವ ಬಾಂಡುಗಳು) ಸೊನ್ನೆಯಾಗಿಸಿದರು, ಷೇರುದಾರರ ಕೈಯಲ್ಲಿ ಚೂರಾದರೂ ಉಳಿಯಿತು. ಆ ತಕರಾರು ಕೋರ್ಟಿನ ಮೆಟ್ಟಿಲೇರಿತು.

ಬಿಕ್ಕಟ್ಟಿನಲ್ಲಿ ಬ್ಯಾಂಕ್ ಷೇರು ಕೊಂಡು ಗೆದ್ದವರೆಂದು ಎಲ್ಲರೂ ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಅವರತ್ತ ಬೆರಳು ತೋರಿಸುತ್ತಾರೆ. 2008ರ ಸೆಪ್ಟೆಂಬರ್‌ನಲ್ಲಿ ಅವರು ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ಗೆ 500 ಕೋಟಿ ಡಾಲರ್ ಕೊಟ್ಟದ್ದು ನಿಜ. ಆದರೆ ಕೊಂಡದ್ದು ಪೇಟೆಯಲ್ಲಿ ನಮಗೂ ನಿಮಗೂ ಸಿಗುವ ಷೇರನ್ನಲ್ಲ; ವರ್ಷಕ್ಕೆ ಶೇ 10 ಲಾಭಾಂಶ ಕಟ್ಟಿಟ್ಟ ಆದ್ಯತಾ ಷೇರನ್ನು. ಜೊತೆಗೆ, ಬೇಕೆನಿಸಿದಾಗ 115 ಡಾಲರಿನಂತೆ ಸಾಮಾನ್ಯ ಷೇರು ಕೊಳ್ಳುವ ಹಕ್ಕು. ಒಂದು ಪಂಕ್ತಿ ಮುಂದೆ ಕುಳಿತು, ಪಾಯಸ ಮಿಕ್ಕರೆ ಕೊನೆಯ ಪಂಕ್ತಿಗೂ ಬರುತ್ತೇನೆ ಎಂದಂತೆ.

ಬರಿ ಎಲೆಯ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ತಮಿಳುನಾಡಿನ ಕರೂರಿನಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು 2020ರ ನವೆಂಬರ್ 27ರಂದು ಸಿಂಗಪುರದ ಡಿಬಿಎಸ್ ಬ್ಯಾಂಕಿನ ಭಾರತದ ಘಟಕದಲ್ಲಿ ವಿಲೀನಗೊಳಿಸಲಾಯಿತು. ಠೇವಣಿಗಳು ಉಳಿದವು, ಷೇರು ಬಂಡವಾಳ ಪೂರ್ತಿ ಅಳಿಸಿಹೋಯಿತು. ಹೀಗೆ ಆಗಲಿದೆ ಎಂದು ರಿಸರ್ವ್ ಬ್ಯಾಂಕ್ ವಿಲೀನ ಯೋಜನೆಯ ನವೆಂಬರ್ 17ರ ಕರಡಿನಲ್ಲೇ ಬರೆದಿತ್ತು. ಆಮೇಲೂ ಕೆಲವು ದಿನ ಆ ಷೇರಿನ ವಹಿವಾಟು ನಡೆಯಿತು. ಏಳೆಂಟು ರೂಪಾಯಿ ಕೊಟ್ಟು ಕೊಂಡವರೂ ಇದ್ದರು.